ಉಂಡ ಮನೆಗೆ ಎರಡು ಬಗೆದವನೇ ಆಂಟನ್ ಶ್ಮಿಡ್?

ಪ್ರಶ್ನೆ: ಮದ್ದೂರು ಕಡೆಯ ಮೇಷ್ಟ್ರು

ಮದ್ದೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜವಿಜ್ಞಾನ ಪಾಠ ಮಾಡುತ್ತೇನೆ. ಎರಡನೆಯ ಮಹಾಯುದ್ಧದ ಪಾಠ ಮುಗಿದ ಮೇಲೆ, ಪಠ್ಯಪುಸ್ತಕದಲ್ಲಿಲ್ಲದ ಒಬ್ಬ ವ್ಯಕ್ತಿಯ ಬಗ್ಗೆ ಒಂದು ಪೀರಿಯಡ್ಡು ಮಾತನಾಡುವುದು ನನ್ನ ರೂಢಿ. ಈ ಸಲ ಆಂಟನ್ ಶ್ಮಿಡ್‌ನನ್ನು ಆರಿಸಿಕೊಂಡೆ. ವಿಯೆನ್ನಾದಲ್ಲಿ ಸಣ್ಣದೊಂದು ರೇಡಿಯೊ ಅಂಗಡಿ ಇಟ್ಟುಕೊಂಡಿದ್ದ ಈ ಕಥೋಲಿಕ ಗೃಹಸ್ಥ ಜರ್ಮನ್ ಸೇನೆಗೆ ಸೇರಬೇಕಾಗಿ ಬಂದು, ಜರ್ಮನರ ವಶದಲ್ಲಿದ್ದ ಲಿಥುವೇನಿಯಾದ ವಿಲ್ನಿಯಸ್ ನಗರಕ್ಕೆ ಹೋದ. ಅಲ್ಲಿನ ಯೆಹೂದಿಗಳನ್ನು ಮತ್ತು ಅವರ ಗುಪ್ತ ಪ್ರತಿರೋಧ ಪಡೆಯವರನ್ನು ಕೆಲವು ತಿಂಗಳು ಕದ್ದುಮುಚ್ಚಿ ಕಾಪಾಡಿ, 1942ರ ಏಪ್ರಿಲ್ 13ರಂದು ತನ್ನದೇ ಸೇನೆಯ ಗುಂಡಿಗೆ ಬಲಿಯಾದ. ಇಷ್ಟನ್ನು ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಅವನು ತಿಂದಿದ್ದು ಹಿಟ್ಲರನ ಅನ್ನ ತಾನೇ? ಹಾಗಾದರೆ ಉಂಡ ಮನೆಗೆ ಎರಡು ಬಗೆದ ಹಾಗಾಗಲಿಲ್ಲವೇ?" ಎಂದು ಕೇಳಿದ.

ತರಗತಿ ನಗಲಿಲ್ಲ. ನನಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹಿಟ್ಲರ್ ಕೆಟ್ಟವನು, ಆದ್ದರಿಂದ ಅವನಿಗೆ ಎರಡು ಬಗೆದದ್ದು ಸರಿ ಎಂದು ಹೇಳಿ ಕೂರಿಸಬಹುದಿತ್ತು. ಆದರೆ ಆ ಹುಡುಗ ಕೇಳಿದ್ದು ಹಿಟ್ಲರನ ಬಗ್ಗೆಯಲ್ಲ. ಸ್ವಾಮಿನಿಷ್ಠೆಯನ್ನು ಇಷ್ಟು ಎತ್ತರದಲ್ಲಿಟ್ಟ ನೆಲದಲ್ಲಿ ಬೆಳೆದವನು ಅವನು. ನಮ್ಮ ತಾಲ್ಲೂಕಿನ ಆತಕೂರಿನಲ್ಲೇ 950ರ ಸುಮಾರಿನ ಕಲ್ಲೊಂದಿತ್ತು; ತಕ್ಕೋಲದ ಯುದ್ಧದಲ್ಲಿ ಒಡೆಯನಿಗಾಗಿ ಕಾದಿದ ಮಣಲೇರನ ಹೆಸರು ಅದರಲ್ಲಿದೆ, ಅವನು ಮೆಚ್ಚುಗೆಯಾಗಿ ಬೇಡಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಂದಿಗೆ ಹೋರಾಡಿ ಸತ್ತದ್ದೂ ಇದೆ. (ಈಗ ಆ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳನ್ನು ಕರೆದೊಯ್ದು ತೋರಿಸುವ ಆಸೆ ಇನ್ನೂ ಆಸೆಯಾಗಿಯೇ ಉಳಿದಿದೆ.) ಜೋಳವಾಳಿ, ಅಂದರೆ ಉಂಡ ಅನ್ನದ ಋಣ, ಎಂಬ ಹಳಗನ್ನಡದ ಮಾತನ್ನು ಕನ್ನಡದ ಮೇಷ್ಟ್ರು ಪಕ್ಕದ ಕೊಠಡಿಯಲ್ಲಿ ಕರ್ಣನ ನೆಪದಲ್ಲಿ ವಿವರಿಸುತ್ತಿರುವಾಗ, ನಾನು ಈ ಕೊಠಡಿಯಲ್ಲಿ ಒಡೆಯನ ಆಣತಿಯನ್ನು ಮೀರಿದವನನ್ನು ವೀರ ಎನ್ನುತ್ತಿದ್ದೇನೆ. ಗೊಂದಲ ಹುಡುಗನದಲ್ಲ, ನಮ್ಮದು.

ಆದ್ದರಿಂದ ಬಲ್ಲವರಲ್ಲಿ ವಿನಂತಿ. ಶ್ಮಿಡ್ ನಿಜವಾಗಿ ಮಾಡಿದ್ದೇನು, ಅದು ಬರೀ ಅನುಕಂಪದ ಕೆಲಸವೋ, ಪ್ರತಿರೋಧ ಚಳವಳಿಗೆ ಕೊಟ್ಟ ನೆರವೋ? ಆ ಹುಡುಗನಿಗೆ ಸೈನಿಕರಾಗಿದ್ದವರು ಏನು ಉತ್ತರ ಕೊಡುತ್ತಾರೆ? ಅವನ ಧರ್ಮಕ್ಕೂ ಈ ಕೆಲಸಕ್ಕೂ ನಂಟಿತ್ತೇ ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1: ಇತಿಹಾಸದ ಉಪನ್ಯಾಸಕಿ, ಮೈಸೂರು

ಮೇಷ್ಟ್ರೇ, ನಿಮ್ಮ ಮೊದಲ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ. ಉಳಿದವುಗಳಿಗೆ ಇಲ್ಲಿ ನನಗಿಂತ ತಕ್ಕವರಿದ್ದಾರೆ.

ಶ್ಮಿಡ್‌ನ ಕಥೆಯನ್ನು ಅವನ ಒಳ್ಳೆಯತನದಿಂದ ಆರಂಭಿಸುವ ಬದಲು ಅವನ ಕಚೇರಿಯಿಂದ ಆರಂಭಿಸಿದರೆ ಮಕ್ಕಳಿಗೆ ಹೆಚ್ಚು ಅರ್ಥವಾಗುತ್ತದೆ ಎಂದು ನನ್ನ ಅನುಭವ. ಅವನು ಹುಟ್ಟಿದ್ದು 1900ರ ಜನವರಿಯಲ್ಲಿ. ಯುದ್ಧ ಆರಂಭವಾದಾಗ ನಲವತ್ತರ ಹತ್ತಿರದವನಾದ್ದರಿಂದ ಮುಂಚೂಣಿಗೆ ಕಳುಹಿಸದೆ ಹಿಂಬದಿಯ ಕೆಲಸಕ್ಕೆ ಹಾಕಿದರು. ಅವನ ದರ್ಜೆ ಫೆಲ್ಡ್‌ವೇಬೆಲ್, ನಮ್ಮ ಸೇನೆಯ ಲೆಕ್ಕದಲ್ಲಿ ಹವಿಲ್ದಾರ್ ಎನ್ನಬಹುದು. 1941ರ ಜೂನ್ 24ರಂದು ಜರ್ಮನ್ ಸೇನೆ ವಿಲ್ನಿಯಸ್ ಹಿಡಿಯಿತು; ಕೆಲವು ವಾರಗಳ ನಂತರ ಶ್ಮಿಡ್ ಅಲ್ಲಿನ ರೈಲು ನಿಲ್ದಾಣದ ಬಳಿ, ತಮ್ಮ ತುಕಡಿಯಿಂದ ತಪ್ಪಿಸಿಕೊಂಡ ಸೈನಿಕರನ್ನು ಒಟ್ಟುಗೂಡಿಸಿ ಮತ್ತೆ ಅವರವರ ಜಾಗಕ್ಕೆ ಕಳುಹಿಸುವ ಠಾಣೆಯೊಂದರ ಮುಖ್ಯಸ್ಥನಾದ. ಕೇಳಲು ಸಾಮಾನ್ಯ ಗುಮಾಸ್ತಿಕೆಯಂತಿರುವ ಈ ಕೆಲಸದಲ್ಲಿ ಮೂರು ವಸ್ತುಗಳು ಅವನ ಕೈಯಲ್ಲಿದ್ದವು: ಪ್ರಯಾಣದ ರಹದಾರಿ ಪತ್ರಗಳು, ಸೇನೆಯ ಲಾರಿಗಳು, ಮತ್ತು ದುರಸ್ತಿ ಕೆಲಸಕ್ಕೆ ಕೂಲಿಗಳನ್ನು ಇಟ್ಟುಕೊಳ್ಳುವ ಅಧಿಕಾರ. ಮುಂದೆ ನಡೆದದ್ದೆಲ್ಲ ಈ ಮೂರರ ಬಲದಿಂದಲೇ.

ವಿಲ್ನಿಯಸ್ ಎಂದರೆ ಯೆಹೂದಿಗಳ ಪಾಲಿಗೆ ಲಿಥುವೇನಿಯಾದ ಜೆರುಸಲೇಮ್. ಸೆಪ್ಟೆಂಬರ್ 6ರಂದು ಅವರನ್ನೆಲ್ಲ ಎರಡು ಗೆಟ್ಟೊಗಳಿಗೆ, ಅಂದರೆ ಕಾವಲಿಟ್ಟು ಮುಚ್ಚಿದ ಯೆಹೂದಿ ಕೇರಿಗಳಿಗೆ, ತುಂಬಿದರು. ಅವುಗಳಲ್ಲಿ ಒಂದನ್ನು ಅಕ್ಟೋಬರಿನಲ್ಲೇ ಖಾಲಿ ಮಾಡಿದರು. ಖಾಲಿ ಮಾಡುವುದು ಎಂದರೆ ಊರಿಂದ ಹತ್ತು ಕಿಲೋಮೀಟರ್ ದೂರದ ಪೊನಾರಿ ಕಾಡಿಗೆ ಒಯ್ದು, ಹಿಂದೆ ಸೋವಿಯತ್ ಸೇನೆ ಇಂಧನ ಟ್ಯಾಂಕುಗಳಿಗೆಂದು ತೋಡಿಸಿದ್ದ ಗುಂಡಿಗಳ ಅಂಚಿನಲ್ಲಿ ನಿಲ್ಲಿಸಿ ಗುಂಡು ಹೊಡೆಯುವುದು. ಯುದ್ಧ ಮುಗಿಯುವ ಹೊತ್ತಿಗೆ ಆ ಕಾಡಿನಲ್ಲಿ ಸುಮಾರು 70,000 ಯೆಹೂದಿಗಳು ಸತ್ತಿದ್ದರು. ಆ ಶರತ್ಕಾಲದಲ್ಲಿ ಜರ್ಮನ್ ಆಡಳಿತ ಹಳದಿ ಬಣ್ಣದ ಕೆಲಸದ ಚೀಟಿಗಳನ್ನು ಹಂಚಿತು. ಒಟ್ಟು 3,000 ಚೀಟಿ. ಚೀಟಿ ಇದ್ದವನು, ಅವನ ಹೆಂಡತಿ, ಇಬ್ಬರು ಮಕ್ಕಳು ಸದ್ಯಕ್ಕೆ ಬದುಕಬಹುದಿತ್ತು. ಅಪ್ಪ ಅಮ್ಮ ಲೆಕ್ಕದಲ್ಲಿ ಇರಲಿಲ್ಲ, ಮೂರನೆಯ ಮಗುವೂ ಇರಲಿಲ್ಲ. ಪಡಿತರ ಚೀಟಿಗೆ ಹೆಸರು ಸೇರಿಸಲು ಅಲೆದಾಡಿದ ಮನೆಗಳಿಂದ ಬಂದ ಮಕ್ಕಳಿಗೆ ಈ ಒಂದು ವಿವರ ಹೇಳಿ ನೋಡಿ, ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಶ್ಮಿಡ್ ತನ್ನ ಕಾರ್ಯಾಗಾರಗಳಿಗೆ ಬಡಗಿಗಳು ಬೇಕು, ದರ್ಜಿಗಳು ಬೇಕು ಎಂದು ತೋರಿಸಿ ಯೆಹೂದಿಗಳನ್ನು ಕೆಲಸಕ್ಕಿಟ್ಟುಕೊಂಡ. ಜೈಲಿನಲ್ಲಿ ಸಿಕ್ಕಿಬಿದ್ದ ತನ್ನ ಕೆಲಸಗಾರರನ್ನು ಬಿಡಿಸಿ ತಂದ. ಒಬ್ಬನಿಗೆ ಜರ್ಮನ್ ಸೈನಿಕನ ವೇತನ ಪುಸ್ತಕವನ್ನೇ ಕೊಟ್ಟು ಸಮವಸ್ತ್ರ ತೊಡಿಸಿ ಕಚೇರಿಯಲ್ಲಿ ಕೂರಿಸಿದ. ವಿಲ್ನಿಯಸ್‌ನಲ್ಲಿ ಹತ್ಯೆ ನಡೆಯುತ್ತಿದ್ದು ಬೇರೆ ಊರುಗಳು ಇನ್ನೂ ಸ್ವಲ್ಪ ಶಾಂತವಾಗಿದ್ದ ಆ ತಿಂಗಳುಗಳಲ್ಲಿ, ಸೇನೆಯ ಲಾರಿಗಳಲ್ಲಿ ಜನರನ್ನು ಲಿಡಾ, ಗ್ರೊಡ್ನೊ, ಬಿಯಾಲಿಸ್ಟಾಕ್ ಕಡೆಗೆ ಸಾಗಿಸಿದ. ಹೀಗೆ ಅವನ ನೆರವು ಪಡೆದವರು ಸುಮಾರು 300 ಎನ್ನುತ್ತಾರೆ. ಹೋದ ಊರಿನಲ್ಲಿ ಮುಂದೆ ಎಷ್ಟು ಮಂದಿ ಉಳಿದರು ಎಂಬುದು ಬೇರೆ ಮತ್ತು ದುಃಖದ ಲೆಕ್ಕ.

ಇಷ್ಟರವರೆಗೆ ಅನುಕಂಪ ಎನ್ನಿ. ಇಲ್ಲಿಂದ ಮುಂದಕ್ಕೆ ಅದು ಪ್ರತಿರೋಧವಾಯಿತು. ಹರ್ಮನ್ ಆಡ್ಲರ್ ಎಂಬ ಕವಿಯನ್ನೂ ಅವನ ಹೆಂಡತಿಯನ್ನೂ ಶ್ಮಿಡ್ ತನ್ನ ವಸತಿಯಲ್ಲೇ ಅಡಗಿಸಿಟ್ಟಿದ್ದ. ಅವರ ಮೂಲಕ ಯೆಹೂದಿ ಯುವ ಸಂಘಟನೆಯ ಮೊರ್ದೆಖಾಯ್ ಟೆನೆನ್‌ಬಾಮ್‌ನ ಪರಿಚಯವಾಯಿತು. 1941ರ ಡಿಸೆಂಬರ್ 31ರ ರಾತ್ರಿ, ಹೊಸ ವರ್ಷದ ಸಂಭ್ರಮದಲ್ಲಿ ಕಾವಲು ಸಡಿಲವಾಗಿದ್ದಾಗ, ಜರ್ಮನ್ ಹವಿಲ್ದಾರನ ಮನೆಯಲ್ಲಿ ಪ್ರತಿರೋಧದವರು ಸೇರಿದರು. ಅದೇ ರಾತ್ರಿ ಗೆಟ್ಟೊದ ಒಳಗೆ ಪ್ರತಿರೋಧದ ಯುವ ನಾಯಕ ಅಬ್ಬಾ ಕೋವ್ನರ್, ಕಟುಕನ ಬಳಿಗೆ ಹೋಗುವ ಕುರಿಗಳಂತೆ ಹೋಗುವುದು ಬೇಡ ಎಂಬ ತನ್ನ ಕರೆಯನ್ನು ಓದಿದ. ಮೂರು ವಾರದೊಳಗೆ ಅಲ್ಲಿ ಸಶಸ್ತ್ರ ಸಂಘಟನೆ ಹುಟ್ಟಿತು. ಟೆನೆನ್‌ಬಾಮ್ ಮತ್ತು ಸಂಗಡಿಗರು ಶ್ಮಿಡ್‌ನ ನೆರವಿನಿಂದ ಬಿಯಾಲಿಸ್ಟಾಕ್‌ಗೆ ತಲುಪಿದರು. 1943ರ ಆಗಸ್ಟ್‌ನಲ್ಲಿ ಬಿಯಾಲಿಸ್ಟಾಕ್ ಗೆಟ್ಟೊ ದಂಗೆ ಎದ್ದಾಗ ಅದರ ನಾಯಕ ಇದೇ ಟೆನೆನ್‌ಬಾಮ್. ಅಷ್ಟರಲ್ಲಿ ಶ್ಮಿಡ್ ಸತ್ತು ಒಂದು ವರ್ಷ ನಾಲ್ಕು ತಿಂಗಳಾಗಿತ್ತು.

1942ರ ಜನವರಿ ಕೊನೆಯ ಹೊತ್ತಿಗೆ ಅವನನ್ನು ಬಂಧಿಸಿದರು. ಫೆಬ್ರವರಿ 25ರಂದು ಕೋರ್ಟ್ ಮಾರ್ಷಲ್ ಮರಣದಂಡನೆ ವಿಧಿಸಿತು. ಜೈಲಿನಿಂದ ಹೆಂಡತಿ ಸ್ಟೆಫಿಗೆ ಬರೆದ ಪತ್ರದಲ್ಲಿ ಅವನು ಸಿದ್ಧಾಂತದ ಮಾತನ್ನೇ ಆಡುವುದಿಲ್ಲ. ಮಕ್ಕಳನ್ನು ಹೇಗೆ ಕೊಲ್ಲುತ್ತಿದ್ದರೆಂದು ಹೇಳಿ, ನನ್ನ ಮೃದು ಮನಸ್ಸು ನಿನಗೆ ಗೊತ್ತೇ ಇದೆ, ಯೋಚಿಸಲಾಗಲಿಲ್ಲ, ಸಹಾಯ ಮಾಡಿಬಿಟ್ಟೆ ಎಂಬ ಅರ್ಥದಲ್ಲಿ ಬರೆದಿದ್ದಾನೆ. ತಾನು ಮನುಷ್ಯನಾಗಿ ನಡೆದುಕೊಂಡೆನಷ್ಟೇ, ಯಾರಿಗೂ ನೋವು ಮಾಡಬೇಕೆಂದಿರಲಿಲ್ಲ ಎಂದು ಕ್ಷಮೆ ಕೇಳುವವನಂತೆ ಹೇಳುತ್ತಾನೆ. ವಿಯೆನ್ನಾದಲ್ಲಿ ನೆರೆಹೊರೆಯವರು ಆ ಹೆಂಗಸನ್ನು ದ್ರೋಹಿಯ ಹೆಂಡತಿ ಎಂದು ಹೀಯಾಳಿಸಿದರು. ನಿಮ್ಮ ವಿದ್ಯಾರ್ಥಿಯ ಪ್ರಶ್ನೆಯನ್ನು ಮೊದಲು ಕೇಳಿದವರು ಅವರೇ ಎನ್ನಬೇಕು.

1961ರಲ್ಲಿ ಜೆರುಸಲೇಮಿನಲ್ಲಿ, ಯೆಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನಡೆಸಿದ್ದ ನಾಜಿ ಅಧಿಕಾರಿ ಐಖ್‌ಮನ್ ವಿಚಾರಣೆ ನಡೆದಾಗ ಕೋವ್ನರ್ ಸಾಕ್ಷಿ ನುಡಿದು, ಐಖ್‌ಮನ್ ಎಂಬ ಹೆಸರನ್ನು ತಾನು ಮೊದಲು ಕೇಳಿದ್ದೇ ಶ್ಮಿಡ್‌ನ ಬಾಯಿಂದ ಎಂದ, ಮತ್ತು ಶ್ಮಿಡ್ ಹಣಕ್ಕಾಗಿ ಇದನ್ನು ಮಾಡಲಿಲ್ಲ ಎಂದ. ಆಗ ನ್ಯಾಯಾಲಯದಲ್ಲಿ ಕವಿದ ಮೌನವನ್ನು ಅಲ್ಲಿ ವರದಿ ಮಾಡುತ್ತಿದ್ದ ಚಿಂತಕಿ ಹನ್ನಾ ಅರೆಂಟ್ ದಾಖಲಿಸಿದ್ದಾರೆ. ಆ ದಶಕದಲ್ಲೇ ಯೆಹೂದಿ ಹತ್ಯಾಕಾಂಡದ ನೆನಪು ಕಾಪಾಡುವ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಅವನನ್ನು ಗೌರವಿಸಿತು. ಅವನ ಸೇನೆಯ ನಾಡು ಮಾತ್ರ ತಡ ಮಾಡಿತು: ಜರ್ಮನಿಯ ರೆಂಡ್ಸ್‌ಬುರ್ಗ್‌ನಲ್ಲಿ, ಅದುವರೆಗೆ ಒಬ್ಬ ಜನರಲ್‌ನ ಹೆಸರಿದ್ದ ಸೇನಾ ನೆಲೆಗೆ, 2000ದ ಮೇ 8ರಂದು ಈ ಹವಿಲ್ದಾರನ ಹೆಸರಿಟ್ಟರು.

ಉತ್ತರ 2: ನಿವೃತ್ತ ಸುಬೇದಾರ್, ಕೆ.ಆರ್. ಪೇಟೆ

ಮೇಡಂ ಇಷ್ಟು ವಿವರವಾಗಿ ಬರೆದ ಮೇಲೆ ನಾನು ಹುಡುಗನ ಪ್ರಶ್ನೆಗಷ್ಟೇ ಬರುತ್ತೇನೆ. ಅವನಿಗೆ ನನ್ನ ಶಹಬ್ಬಾಸ್ ತಿಳಿಸಿ. ಇಪ್ಪತ್ತೆಂಟು ವರ್ಷ ಸಮವಸ್ತ್ರ ತೊಟ್ಟವನಿಗೂ ಸುಲಭವಲ್ಲದ ಪ್ರಶ್ನೆ ಅದು.

ಮೊದಲು ಪ್ರಮಾಣದ ವಿಷಯ. ನಾವು ಪ್ರಮಾಣ ಮಾಡುವುದು ಸಂವಿಧಾನಕ್ಕೆ ನಿಷ್ಠರಾಗಿರುತ್ತೇವೆಂದು. ಜರ್ಮನ್ ಸೈನಿಕರಿಂದ 1934ರ ಆಗಸ್ಟ್‌ನಿಂದ ಹಿಟ್ಲರ್ ಎಂಬ ಒಬ್ಬ ವ್ಯಕ್ತಿಯ ಹೆಸರು ಹಿಡಿದು, ಅವನಿಗೆ ಷರತ್ತಿಲ್ಲದ ವಿಧೇಯತೆ ತೋರುವುದಾಗಿ ಪ್ರಮಾಣ ಮಾಡಿಸುತ್ತಿದ್ದರು. ಶ್ಮಿಡ್‌ನ ಆಸ್ಟ್ರಿಯಾವನ್ನಂತೂ 1938ರ ಮಾರ್ಚ್‌ನಲ್ಲಿ ನುಂಗಿ ಹಾಕಿದ ಮೇಲೆ ಅಲ್ಲಿನವರಿಂದಲೂ ಅದೇ ಪ್ರಮಾಣ. ಇನ್ನು ಆಜ್ಞೆಯ ವಿಷಯ. ನಮ್ಮ 1950ರ ಸೇನಾ ಕಾಯ್ದೆಯ 41ನೆಯ ಕಲಮು ಅಪರಾಧವೆನ್ನುವುದು ನ್ಯಾಯಬದ್ಧ ಆಜ್ಞೆಯನ್ನು ಮೀರುವುದನ್ನು. ನ್ಯಾಯಬದ್ಧ ಎಂಬ ಆ ಒಂದು ಪದದ ಮೇಲೆ ನಮಗೆ ತರಗತಿ ತೆಗೆದುಕೊಂಡ ಮೇಜರ್ ಒಬ್ಬರು ಒಂದು ಗಂಟೆ ಮಾತನಾಡಿದ್ದು ನನಗೆ ಇವತ್ತಿಗೂ ನೆನಪಿದೆ. ಸೋಜಿಗವೆಂದರೆ, ಜರ್ಮನರ ಹಳೆಯ ಸೇನಾ ದಂಡಸಂಹಿತೆಯ 47ನೆಯ ಕಲಮಿನಲ್ಲೂ, ಆಜ್ಞೆಯ ಉದ್ದೇಶವೇ ಅಪರಾಧವೆಂದು ಗೊತ್ತಿದ್ದೂ ಪಾಲಿಸಿದವನಿಗೆ ಶಿಕ್ಷೆಯಿದೆ ಎಂದು ಬರೆದಿತ್ತು. ಪುಸ್ತಕದಲ್ಲಿ ಬರೆದಿತ್ತು, ಅಷ್ಟೇ.

ಹುಡುಗ ಅನ್ನದ ಋಣ ಎತ್ತಿದ್ದಾನಲ್ಲ, ಅದಕ್ಕೆ ನನ್ನ ಉತ್ತರ ಇದು. ಕರ್ಣ ಜೋಳವಾಳಿ ತೀರಿಸಿದ್ದು ತನ್ನ ತಲೆ ಕೊಟ್ಟು. ನಿಮ್ಮ ಆತಕೂರಿನ ಮಣಲೇರ ತನ್ನ ತೋಳಬಲ ಕೊಟ್ಟು. ಉಂಡವನು ನಾನಾದರೆ ಸಾಲ ನನ್ನದು, ನನ್ನ ಮೈಯಿಂದ ವಸೂಲಾಗಲಿ. ಪಕ್ಕದ ಮನೆಯ ಮಗುವನ್ನು ಹಿಡಿದುಕೊಟ್ಟು ನನ್ನ ಸಾಲ ಚುಕ್ತಾ ಮಾಡು ಎಂದು ಒಡೆಯ ಹೇಳಿದರೆ, ಅದು ಯಾವ ಜೋಳವಾಳಿಯಲ್ಲೂ ಸೇರಿದ ಬಾಬತ್ತಲ್ಲ. ಶ್ಮಿಡ್ ಮುಂಚೂಣಿಯ ತನ್ನ ಸಹ ಸೈನಿಕರಿಗೆ ಗುಂಡು ಹೊಡೆಯಲಿಲ್ಲ, ಹಣಕ್ಕೆ ಗುಟ್ಟು ಮಾರಲಿಲ್ಲ. ದಾರಿ ತಪ್ಪಿದ ಸೈನಿಕರನ್ನು ಅವರ ತುಕಡಿಗೆ ಕಳುಹಿಸುವ ಕೆಲಸವನ್ನೂ ಮಾಡುತ್ತಲೇ ಇದ್ದ. ಸಿಕ್ಕಿಬಿದ್ದ ಮೇಲೆ ತನ್ನ ತಲೆಯನ್ನೇ ಕೊಟ್ಟ. ಇದಕ್ಕೆ ಎರಡು ಬಗೆಯುವುದು ಎನ್ನುವುದಕ್ಕೆ ನನ್ನ ನಾಲಿಗೆ ಹೊರಳುವುದಿಲ್ಲ.

ಒಂದು ಅಂಕಿಯನ್ನು ಮಾತ್ರ ಹುಡುಗರಿಗೆ ಹೇಳಿ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆ ತನ್ನವರಲ್ಲಿ 48 ಮಂದಿಗೆ ಮರಣದಂಡನೆ ಜಾರಿ ಮಾಡಿತ್ತು. ಎರಡನೆಯದರಲ್ಲಿ ಆ ಸಂಖ್ಯೆ ಸುಮಾರು 20,000. ಶ್ಮಿಡ್ ತನ್ನ ಲಾರಿ ಹತ್ತಿಸುವಾಗ ಏನಾಗಬಹುದೆಂದು ತಿಳಿಯದವನಲ್ಲ.

ಉತ್ತರ 3: ಪಾಲಹಳ್ಳಿಯ ಮಗಳು, ಈಗ ಮೈಸೂರು

ಧರ್ಮದ ಪ್ರಶ್ನೆಗೆ ಒಬ್ಬ ಕಥೋಲಿಕಳಾಗಿ ಬರೆಯುತ್ತಿದ್ದೇನೆ, ಸ್ವಲ್ಪ ಸಂಕೋಚದಿಂದಲೇ. ಸಂತ ಫಿಲೋಮಿನಾ ದೇವಾಲಯಕ್ಕೆ ಪ್ರವಾಸಿಗರಾಗಿ ಬಂದವರು ನಮ್ಮನ್ನು ಕೇಳುವ ಪ್ರಶ್ನೆಗಳಿಗೆ ಉತ್ತರಿಸಿ ಅಭ್ಯಾಸವಿದೆ, ಇಂಥ ಪ್ರಶ್ನೆಗಿಲ್ಲ.

ಶ್ಮಿಡ್ ಶ್ರದ್ಧೆಯುಳ್ಳ ಕಥೋಲಿಕನಾಗಿದ್ದ. ಸಾಯುವ ಮುನ್ನ ಸೇನೆಯ ಕಥೋಲಿಕ ಗುರುವೊಬ್ಬರು ಅವನ ಜೊತೆಗಿದ್ದರು. ಆದರೆ ಕಥೋಲಿಕನಾದ್ದರಿಂದಲೇ ಹೀಗೆ ಮಾಡಿದ ಎಂದು ಹೇಳಲು ನನಗೆ ಧೈರ್ಯ ಸಾಲದು. ಪೊನಾರಿಯಲ್ಲಿ ಬಂದೂಕು ಹಿಡಿದು ನಿಂತ ಲಿಥುವೇನಿಯನ್ನರ ನಾಡೂ ಕಥೋಲಿಕ ನಾಡೇ. ಭಾನುವಾರ ಬಲಿಪೂಜೆ, ಸೋಮವಾರ ಪೊನಾರಿ ಎಂಬ ಬದುಕು ಅಲ್ಲಿ ಸಾಧ್ಯವಾಯಿತು ಎನ್ನುವುದನ್ನು ನಾವು ಒಪ್ಪಿಕೊಳ್ಳದೆ ಶ್ಮಿಡ್‌ನನ್ನು ಮಾತ್ರ ನಮ್ಮವನೆಂದು ಎತ್ತಿ ಹಿಡಿಯುವುದು ನ್ಯಾಯವಲ್ಲ.

ಅದೇ ವಿಲ್ನಿಯಸ್‌ನ ಹೊರವಲಯದಲ್ಲಿ ದೊಮಿನಿಕನ್ ಕನ್ಯಾಸ್ತ್ರೀಯರ ಪುಟ್ಟ ಮಠವೊಂದಿತ್ತು. ಅದರ ಮುಖ್ಯಸ್ಥೆ ಅನ್ನಾ ಬೊರ್ಕೊವ್ಸ್ಕಾ. ಉಪನ್ಯಾಸಕಿಯವರು ಹೇಳಿದ ಕೋವ್ನರ್ ಮತ್ತು ಸಂಗಡಿಗರು ಗೆಟ್ಟೊಗೆ ಮರಳುವ ಮುನ್ನ ಅಡಗಿದ್ದು ಅಲ್ಲೇ. ಅವರು ಕನ್ಯಾಸ್ತ್ರೀಯರಂತೆ ಬಟ್ಟೆ ತೊಟ್ಟು ಹೊಲದಲ್ಲಿ ದುಡಿಯುತ್ತಿದ್ದರಂತೆ. ಮುಂದೆ ಆ ತಾಯಿ ಗೆಟ್ಟೊದ ಹೋರಾಟಗಾರರಿಗೆ ಕೈಬಾಂಬುಗಳನ್ನು ಸಾಗಿಸಿದರು. 1984ರಲ್ಲಿ ಅವರನ್ನೂ ಯಾದ್ ವಶೇಮ್ ಗೌರವಿಸಿತು. ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಕಾಲದಿಂದ ಗಂಜಾಂ, ಪಾಲಹಳ್ಳಿ ಕಡೆಯಲ್ಲಿ ಬಾಳಿದ ನಮ್ಮ ಮನೆಗಳಲ್ಲಿ ಸಂತರ ಚರಿತ್ರೆಗಳು ಬೇಕಾದಷ್ಟಿವೆ. ಕೈಬಾಂಬು ಸಾಗಿಸಿದ ಮಠದ ತಾಯಿಯ ಕಥೆ ನನಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಹೋಲಿಕೆ ನಿಮ್ಮ ತರಗತಿಗೆ ಉಪಯೋಗವಾಗಬಹುದು. ಫ್ರಾಂಜ್ ಯೇಗರ್‌ಸ್ಟೆಟರ್ ಎಂಬ ಆಸ್ಟ್ರಿಯದ ರೈತನೂ ಕಥೋಲಿಕನೇ. ಹಿಟ್ಲರನ ಯುದ್ಧದಲ್ಲಿ ಹೋರಾಡಲಾರೆ ಎಂದು ನೇರವಾಗಿ ನಿರಾಕರಿಸಿ, 1943ರ ಆಗಸ್ಟ್ 9ರಂದು ತಲೆ ಕೊಟ್ಟ. ಸಲಹೆ ಕೇಳಲು ಲಿಂಜ್‌ನ ಬಿಷಪರ ಬಳಿ ಹೋದರೆ, ಯುದ್ಧ ನ್ಯಾಯವೋ ಅಲ್ಲವೋ ಎಂದು ತೀರ್ಮಾನಿಸುವುದು ಅವನ ಕೆಲಸವಲ್ಲವೆಂದೂ ಹೆಂಡತಿ ಮಕ್ಕಳನ್ನು ನೋಡಿಕೊಳ್ಳಬೇಕೆಂದೂ ಹೇಳಿ ಕಳುಹಿಸಿದರು. ಅದೇ ಲಿಂಜ್‌ನಲ್ಲಿ 2007ರ ಅಕ್ಟೋಬರ್ 26ರಂದು ಧರ್ಮಸಭೆ ಅವನನ್ನು ಪುನೀತ ಎಂದು ಸಾರಿತು. ಶ್ಮಿಡ್‌ಗೆ ಅಂಥ ಪದವಿ ಸಿಕ್ಕಿಲ್ಲ. ಒಬ್ಬ ಸಮವಸ್ತ್ರವನ್ನು ಬೇಡವೆಂದ; ಇನ್ನೊಬ್ಬ ಅದನ್ನು ತೊಟ್ಟುಕೊಂಡೇ, ಸುಳ್ಳು ಕಾಗದ ಬರೆದು, ಮೇಲಿನವರಿಗೆ ಸುಳ್ಳು ಹೇಳಿ ಜನರನ್ನು ದಾಟಿಸಿದ. ಸುಳ್ಳು ಹೇಳಿದವನನ್ನು ಪೀಠದ ಮೇಲೆ ಕೂರಿಸುವುದು ಧರ್ಮಸಭೆಗೆ ಕೊಂಚ ಇರುಸುಮುರುಸೇನೋ ಎಂಬುದು ನನ್ನ ಸ್ವಂತ ಗುಮಾನಿ. ನನಗಂತೂ ಆ ಸುಳ್ಳುಗಳನ್ನು ಪಾಪನಿವೇದನೆಯಲ್ಲಿ ಹೇಳಬೇಕಾದವು ಎನಿಸುವುದಿಲ್ಲ.

ಉತ್ತರ 4: ವಿಶ್ವೇಶ್ವರಯ್ಯ ನಾಲೆ ಬಯಲಿನವನು

ಎಲ್ಲರ ಬರಹವನ್ನೂ ಮೆಚ್ಚಿಕೊಂಡೇ ಒಂದು ತಕರಾರು. ಆ ಸೇನೆಯಲ್ಲಿ ಯುದ್ಧದುದ್ದಕ್ಕೂ ದುಡಿದವರು 1 ಕೋಟಿ 70 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಒಬ್ಬ ಶ್ಮಿಡ್, ವಾರ್ಸಾದಲ್ಲಿ ಒಬ್ಬ ವಿಲ್ಮ್ ಹೋಸೆನ್‌ಫೆಲ್ಡ್, ಅದೇ ವಿಲ್ನಿಯಸ್‌ನಲ್ಲಿ ಒಬ್ಬ ಕಾರ್ಲ್ ಪ್ಲಾಗೆ, ಹೀಗೆ ಯೆಹೂದಿಗಳನ್ನು ಕಾಪಾಡಿದ ಬೆರಳೆಣಿಕೆಯವರನ್ನು ಹೇಳುತ್ತಾ ಹೋದರೆ, ಎಲ್ಲ ಕಡೆಯೂ ಒಳ್ಳೆಯವರಿದ್ದರು ಬಿಡಿ ಎಂಬ ಸಮಾಧಾನದಲ್ಲಿ ಮಕ್ಕಳು ಮನೆಗೆ ಹೋಗುತ್ತಾರೆ. ಶ್ಮಿಡ್‌ನಂತೆ ರಹದಾರಿ ಪುಸ್ತಕ, ಲಾರಿ ಎರಡೂ ಕೈಯಲ್ಲಿದ್ದ ಹವಿಲ್ದಾರರು ಆ ಸೇನೆಯಲ್ಲಿ ಎಷ್ಟು ಸಾವಿರ ಮಂದಿ ಇದ್ದಿರಬೇಕು? ಅವರೇಕೆ ಸುಮ್ಮನಿದ್ದರು ಎಂದು ಕೇಳದೆ ಇವನ ಪಾಠ ಮುಗಿಸಬೇಡಿ. ಇನ್ನೊಂದು: ಲಾರಿ ಹತ್ತಿದವರ, ಸಂಘಟನೆ ಕಟ್ಟಿದವರ ಧೈರ್ಯವೇ ಮೊದಲು; ಶ್ಮಿಡ್ ಅವರಿಗೆ ನೆರವಾದವನು. ಟೆನೆನ್‌ಬಾಮ್‌ನ ಹೆಸರು ಕಪ್ಪು ಹಲಗೆಯ ಮೇಲೆ ಬಂದಿತ್ತೇ?

ಪ್ರಶ್ನೆ ಕೇಳಿದವರಿಂದ: ಮದ್ದೂರು ಕಡೆಯ ಮೇಷ್ಟ್ರು

ಬಂದಿರಲಿಲ್ಲ. ತಕರಾರು ಎತ್ತಿದವರಿಗೆ ಮೊದಲ ಕೃತಜ್ಞತೆ. ಟೆನೆನ್‌ಬಾಮ್, ಕೋವ್ನರ್, ಬೊರ್ಕೊವ್ಸ್ಕಾ, ಮೂರೂ ಹೆಸರುಗಳನ್ನು ಬರೆದುಕೊಂಡಿದ್ದೇನೆ.

ನಿನ್ನೆ ತರಗತಿಯಲ್ಲಿ ಸುಬೇದಾರ್ ಸಾಹೇಬರ ಮಾತನ್ನು ಅವರ ಮಾತಿನಲ್ಲೇ ಓದಿ ಹೇಳಿದೆ. ಆ ಹುಡುಗ ಪೂರ್ತಿ ಒಪ್ಪಲಿಲ್ಲ. ಸಾಲ ತೀರಿಸಲು ಆಗದಿದ್ದರೆ ಸೇನೆ ಬಿಟ್ಟು ಬರಬೇಕಿತ್ತು, ಒಳಗಿದ್ದುಕೊಂಡು ಯಾಕೆ ಹೀಗೆ ಮಾಡಿದ ಎಂದ. ಉತ್ತರ ನಾನು ಕೊಡುವ ಮುನ್ನವೇ ಅವನ ಪಕ್ಕದ ಬೆಂಚಿನ ಹುಡುಗಿ, "ಬಿಟ್ಟು ಬಂದಿದ್ದರೆ ಚೀಟಿ ಯಾರು ಕೊಡುತ್ತಿದ್ದರು?" ಎಂದಳು. ಅಲ್ಲಿಂದ ಮಾತು ಯೇಗರ್‌ಸ್ಟೆಟರ್ ಕಡೆಗೆ ಹೊರಳಿ, ಗಂಟೆ ಹೊಡೆದರೂ ಮುಗಿಯಲಿಲ್ಲ.

ಹಳದಿ ಚೀಟಿಯ ವಿವರ ಹೇಳಿದಾಗ ಮಾತ್ರ ಯಾರೂ ವಾದಿಸಲಿಲ್ಲ. ಚೀಟಿಯಲ್ಲಿ ಇಬ್ಬರು ಮಕ್ಕಳಿಗಷ್ಟೇ ಜಾಗ ಎಂದಾಗ ಕೆಲವರು ಬೆರಳು ಮಡಿಸಿ ತಮ್ಮ ಮನೆಯವರನ್ನು ಎಣಿಸುತ್ತಿದ್ದುದು ಕಾಣಿಸಿತು.